ಸರಳು ಜೋಡಿಸುವ ಮೊದಲು ಸಂದು ಎಣಿಸಿ

ಕಂಪ್ಯೂಟರಿನಲ್ಲಿ ಮನೆಯ ಕಿಟಕಿಯೊಂದರ 3ಡಿ ಮಾದರಿ ಮಾಡುತ್ತಿದ್ದೀರಿ. ಮೊದಲ ಸರಳು ಸಿದ್ಧ. ಅದನ್ನೇ ಕಾಪಿ ಮಾಡಿ ಪಕ್ಕಕ್ಕೆ ಸರಿಸುತ್ತಾ ಹೋದರೆ, ಕೊನೆಗೆ ಬರುವಷ್ಟರಲ್ಲಿ ಒಂದು ಸಂದು ಅಗಲ, ಇನ್ನೊಂದು ಕಿರಿದು. ಕಣ್ಣಳತೆ ಇಲ್ಲಿ ಕೈಕೊಡುತ್ತದೆ.

ಮೌಸ್ ಹಿಡಿಯುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಚೌಕಟ್ಟಿನ ಒಳ ಅಗಲ 2000 ಮಿ.ಮೀ., ಸರಳಿನ ದಪ್ಪ 20, ಬೇಕಾದ ಸರಳು 19 ಅಂದುಕೊಳ್ಳೋಣ. ಸರಳುಗಳಿಗೇ 380 ಮಿ.ಮೀ. ಹೋಯಿತು. ಉಳಿದದ್ದು 1620. ಇದನ್ನು 19ರಿಂದ ಭಾಗಿಸಬೇಡಿ, 20ರಿಂದ ಭಾಗಿಸಿ. ಎರಡೂ ತುದಿಯಲ್ಲಿ ಚೌಕಟ್ಟಿಗೂ ಸರಳಿಗೂ ನಡುವೆ ಸಂದು ಇರುತ್ತದೆ ಅಲ್ವಾ? ಹಾಗಾಗಿ ಸರಳಿಗಿಂತ ಸಂದು ಒಂದು ಜಾಸ್ತಿ. ಪ್ರತಿ ಸಂದು 81 ಮಿ.ಮೀ. ಆದರೆ ಸಾಫ್ಟ್‌ವೇರ್‌ಗೆ ಕೊಡಬೇಕಾದ್ದು ಸಂದಿನ ಜೊತೆ ಸರಳಿನ ದಪ್ಪವನ್ನೂ ಸೇರಿಸಿದ ಅಳತೆ, ಅಂದರೆ 101. ಬೇಲಿಯ ಹಾಗೆ ಎರಡೂ ತುದಿಯಲ್ಲಿ ಕಂಬವೇ ನಿಂತಿದ್ದರೆ ಲೆಕ್ಕ ತಿರುಗುಮುರುಗು: ಕಂಬಕ್ಕಿಂತ ಸಂದು ಒಂದು ಕಮ್ಮಿ.

ಈಗ 3ಡಿ ಮಾದರಿ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್ 4 ತೆರೆಯಿರಿ. ಮೊದಲ ಸರಳಿನ ನಡುಭಾಗ ಚೌಕಟ್ಟಿನ ಎಡ ಒಳಂಚಿನಿಂದ 91 ಮಿ.ಮೀ. ದೂರದಲ್ಲಿರಲಿ. ಆಮೇಲೆ ಕಂಟ್ರೋಲ್ ಮತ್ತು ಎ ಒತ್ತಿ, ರೊಟೇಶನ್ ಆ್ಯಂಡ್ ಸ್ಕೇಲ್ ಆರಿಸಿ. ಆಗ ಈವರೆಗೆ ತಿರುಗಿಸಿದ್ದು, ಹಿಗ್ಗಿಸಿ ಕುಗ್ಗಿಸಿದ್ದು ಎಲ್ಲ ವಸ್ತುವಿನಲ್ಲೇ ಸೇರಿಹೋಗುತ್ತದೆ. ಇದನ್ನು ದಯವಿಟ್ಟು ಬಿಡಬೇಡಿ. ಸರಳನ್ನು ಮೊದಲೇ ಅರ್ಧಕ್ಕೆ ಕುಗ್ಗಿಸಿದ್ದರೆ ನೀವು ಕೊಟ್ಟ ಅಂತರವೂ ಅರ್ಧವಾಗುತ್ತದೆ. ತಿರುಗಿಸಿದ್ದರೆ ಸಾಲೇ ಓರೆ ಹೋಗುತ್ತದೆ.

ಮಾಡಿಫೈಯರ್ ಪಟ್ಟಿಯಲ್ಲಿ ಜನರೇಟ್ ಕೆಳಗೆ ಅರೇ ಇದೆ, ಒಂದೇ ವಸ್ತುವನ್ನು ಸಮ ಅಂತರದಲ್ಲಿ ಸಾಲಾಗಿ ಕಾಪಿ ಮಾಡುವ ಸಾಧನ ಇದು. ಕೌಂಟ್ 19 ಮಾಡಿ. ರಿಲೇಟಿವ್ ಆಫ್‌ಸೆಟ್‌ನ ಟಿಕ್ ತೆಗೆಯಿರಿ. ಅದು ವಸ್ತುವಿನ ಸ್ವಂತ ಅಗಲವನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಕಾನ್‌ಸ್ಟಂಟ್ ಆಫ್‌ಸೆಟ್‌ಗೆ ಟಿಕ್ ಹಾಕಿ, ಎಕ್ಸ್‌ನಲ್ಲಿ 0.101 ಮೀಟರ್ ಕೊಡಿ, ಉಳಿದೆರಡು ಸೊನ್ನೆ. ಬಲತುದಿಯ ಸಂದನ್ನು ಅಳೆದು ನೋಡಿ. 81 ಬಂದರೆ ಇಡೀ ಸಾಲು ಸರಿ ಇದೆ.

ಸ್ಕೆಚ್‌ಅಪ್ ಎಂಬ ಇನ್ನೊಂದು 3ಡಿ ಸಾಫ್ಟ್‌ವೇರ್‌ನಲ್ಲಿ ದಾರಿ ಇನ್ನೂ ಚಿಕ್ಕದು. ಸರಳನ್ನು ಮೊದಲು ಕಾಂಪೊನೆಂಟ್ ಮಾಡಿಕೊಳ್ಳಿ, ಆಗ ಒಂದನ್ನು ತಿದ್ದಿದರೆ ಎಲ್ಲವೂ ಬದಲಾಗುತ್ತವೆ. ಮೂವ್ ಟೂಲ್ ಹಿಡಿದು ಕಂಟ್ರೋಲ್ ಒತ್ತಿ, ಬಲಕ್ಕೆ ಎಳೆದು 101 ಟೈಪ್ ಮಾಡಿ ಎಂಟರ್ ಒತ್ತಿ. ಬೇರೇನೂ ಮುಟ್ಟದೆ ಕೂಡಲೇ 18 ಮತ್ತು ಎಕ್ಸ್ ಟೈಪ್ ಮಾಡಿ ಎಂಟರ್. ಮೊದಲನೆಯದೂ ಸೇರಿ 19 ಆದವು.

ವೃತ್ತದಲ್ಲಿ ಜೋಡಿಸುವಾಗ ತುದಿಯೇ ಇಲ್ಲ, ಹಾಗಾಗಿ ಎಷ್ಟು ವಸ್ತುವೋ ಅಷ್ಟೇ ಸಂದು. 12 ದಳದ ಹೂವಿಗೆ 360 ಭಾಗಿಸು 12, ಅಂದರೆ 30 ಡಿಗ್ರಿ. ಬ್ಲೆಂಡರ್‌ನಲ್ಲಿ ಹೂವಿನ ನಡುವೆ ಒಂದು ಎಂಪ್ಟಿ (ಆಕಾರವಿಲ್ಲದ ಗುರುತು ವಸ್ತು) ಇಟ್ಟು, ದಳದ ಆರಿಜಿನ್ (ಅದು ತಿರುಗುವ ಮೂಲಬಿಂದು) ಕೂಡ ಅಲ್ಲಿಗೇ ತನ್ನಿ. ದಳಕ್ಕೆ ಅರೇ ಸೇರಿಸಿ, ಆಬ್ಜೆಕ್ಟ್ ಆಫ್‌ಸೆಟ್ ಒಂದಕ್ಕೇ ಟಿಕ್ ಹಾಕಿ ಆ ಎಂಪ್ಟಿಯನ್ನು ಆರಿಸಿ. ಕೌಂಟ್ 12 ಮಾಡಿ, ಎಂಪ್ಟಿಯನ್ನು ಜೆಡ್ ಅಕ್ಷದ ಸುತ್ತ 30 ಡಿಗ್ರಿ ತಿರುಗಿಸಿ. ಕೌಂಟ್ ತಪ್ಪಿ 13 ಆದರೆ ಕೊನೆಯ ದಳ ಮೊದಲನೆಯದರ ಮೇಲೇ ಕೂರುತ್ತದೆ. ನೋಡಿದರೆ ಗೊತ್ತೇ ಆಗುವುದಿಲ್ಲ, ಆದ್ದರಿಂದ ಕೌಂಟ್ ಅನ್ನು ಇನ್ನೊಮ್ಮೆ ಓದಿಕೊಳ್ಳಿ.