ಅಂಕಲ್ ಟುಪೆಲೋ ತಂಡದ ಎರಡನೇ ಆಲ್ಬಂ: ಎಲ್ಲಿಂದ ಕೇಳಲು ಶುರು ಮಾಡಬೇಕು?

ನಿರ್ವಾಣ ಎಂಬ ರಾಕ್ ತಂಡ ಇಷ್ಟ, ಆದರೆ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ಅಂದರೆ ಮೂಗು ಮುರಿಯುವ ಗೆಳೆಯರು ನನಗೆ ಜಾಸ್ತಿ. ಅವರಿಗೆಲ್ಲ ನಾನು ಕೇಳಿಸುವುದು ಅಂಕಲ್ ಟುಪೆಲೋ ತಂಡದ ಈ ಎರಡನೇ ಆಲ್ಬಂ, 'ಸ್ಟಿಲ್ ಫೀಲ್ ಗಾನ್'. ಬಂದಿದ್ದು 1991ರಲ್ಲಿ, ನಿರ್ವಾಣದ 'ನೆವರ್‌ಮೈಂಡ್' ಆಲ್ಬಂ ಬಂದ ವರ್ಷವೇ. ತಂಡದ ಊರು ಅಮೆರಿಕದ ಇಲಿನಾಯ್ ರಾಜ್ಯದ ಬೆಲ್‌ವಿಲ್. ಮೂರೇ ಜನ: ಹಾಡುವವರು ಜೇ ಫರಾರ್ ಮತ್ತು ಜೆಫ್ ಟ್ವೀಡಿ, ಡ್ರಮ್ಸ್‌ನಲ್ಲಿ ಮೈಕ್ ಹೈಡಾರ್ನ್.

ಮೊದಲ ಹಾಡಿನಿಂದ ಶುರು ಮಾಡಬೇಡಿ. ಸೀದಾ ಐದನೆಯದಕ್ಕೆ ಹೋಗಿ, 'ಸ್ಟಿಲ್ ಬಿ ಅರೌಂಡ್'. ಅಕೂಸ್ಟಿಕ್ (ವಿದ್ಯುತ್ ಬಳಸದ) ಗಿಟಾರ್, ಕುಡಿತಕ್ಕೆ ಬಿದ್ದವನೊಬ್ಬನ ಮಾತು. ಫರಾರ್ ದನಿ ತಗ್ಗಿನಲ್ಲಿ, ಭಾರವಾಗಿ ಬರುತ್ತದೆ. ಇಪ್ಪತ್ತರ ಹರೆಯದ ಹುಡುಗ ಅಂತ ಯಾರೂ ನಂಬುವುದಿಲ್ಲ. ಆ ದನಿ ಕಿವಿಯಲ್ಲಿ ಕೂರುವ ತನಕ ಮುಂದೆ ಹೋಗಬೇಡಿ.

ಆಮೇಲೆ ಮೊದಲ ಹಾಡು 'ಗನ್'. ಇದನ್ನು ಹಾಡುವುದು ಟ್ವೀಡಿ. ದನಿ ಸ್ವಲ್ಪ ತೆಳು, ಸ್ವಲ್ಪ ಒರಟು. ವಾಲ್ಯೂಮ್ ಏರಿಸಿ. ಗಿಟಾರ್‌ನ ಕರ್ಕಶ ಗದ್ದಲ ತಾನಾಗಿ ಕಿವಿಗೆ ಬೀಳುತ್ತದೆ, ಅದರ ಚಿಂತೆ ಬೇಡ. ಅದರಡಿ ಓಡುವ ರಾಗ ಹಿಡಿಯಿರಿ. ಡಿಸ್ಟಾರ್ಷನ್, ಅಂದರೆ ಆ ಕರ್ಕಶತೆ, ತೆಗೆದು ಒಂಟಿ ಗಿಟಾರ್‌ನಲ್ಲಿ ಬಾರಿಸಿದರೂ ಹಾಡು ನಿಲ್ಲುತ್ತದೆ. ಗ್ರಂಜ್ (ನಿರ್ವಾಣದಂಥವರ ಒರಟು ರಾಕ್) ಒಂದು ಕಡೆ, ಕಂಟ್ರಿ ಇನ್ನೊಂದು ಕಡೆ ಅಂತ ಹಂಚಿಕೊಂಡು ಕೇಳಿದರೆ ಇದು ತಪ್ಪಿಹೋಗುತ್ತದೆ.

ಇನ್ನು ತಾಳ. ತೊಡೆಯ ಮೇಲೆ ಬೆರಳು ತಟ್ಟುತ್ತಾ ಕೇಳಿ. ಓಡುತ್ತಿದ್ದ ಹಾಡು ಗಕ್ಕನೆ ನಿಲ್ಲುತ್ತದೆ, ಮತ್ತೆ ಬೇರೆ ವೇಗದಲ್ಲಿ ಹೊರಡುತ್ತದೆ. ಈ ಚಾಳಿ ಮಿನಿಟ್‌ಮೆನ್‌ನಂಥ ಪಂಕ್ ತಂಡಗಳಿಂದ ಬಂದಿದ್ದು. 1985ರಲ್ಲಿ ವ್ಯಾನ್ ಅಪಘಾತದಲ್ಲಿ ತೀರಿಕೊಂಡ ಆ ತಂಡದ ಗಿಟಾರಿಸ್ಟ್ ಡಿ. ಬೂನ್ ಹೆಸರಲ್ಲಿ ಇಲ್ಲೊಂದು ಹಾಡೇ ಇದೆ. ಕೆಲವು ಕಡೆ ಈ ನಿಲ್ಲಿಸಾಟ ಅತಿಯಾಯಿತು ಅಂತಲೂ ನನಗೆ ಅನಿಸುತ್ತದೆ.

ಮೂಲ ಆಲ್ಬಂನಲ್ಲಿ 13 ಹಾಡು. 2003ರ ಮರುಬಿಡುಗಡೆಯಲ್ಲಿ ಬೋನಸ್ ಹಾಡುಗಳಿವೆ. ಮೊದಲ ಸಲ 13ಕ್ಕೇ ನಿಲ್ಲಿಸಿ. ಬೋನಸ್‌ನಲ್ಲಿರುವ 'ಲುಕಿಂಗ್ ಫಾರ್ ಎ ವೇ ಔಟ್' ಹಾಡಿನ ಇನ್ನೊಂದು ರೂಪವನ್ನು ಮಾತ್ರ ಇನ್ನೊಂದು ದಿನ ಮೂಲದ ಜೊತೆ ಇಟ್ಟು ಕೇಳಿ.

ಮುಂದೇನು? 1994ರಲ್ಲಿ ತಂಡ ಒಡೆಯಿತು. ಫರಾರ್ ದನಿ ಹಿಡಿಸಿದ್ದರೆ ಅವನು ಆಮೇಲೆ ಕಟ್ಟಿದ ಸನ್ ವೋಲ್ಟ್ ತಂಡದ ಕಡೆ ಹೋಗಿ, ಟ್ವೀಡಿಯದಾದರೆ ಅವನ ತಂಡ ವಿಲ್ಕೋ ಕಡೆ. ನಾನಂತೂ ಫರಾರ್ ಪಕ್ಷ.