ಗಾಡಿಗೆ ಪಿಕಪ್ ಇಲ್ವಾ? ಮೊದಲು ಆರ್‌ಪಿಎಂ ಮುಳ್ಳು ನೋಡಿ

ಶಿರಾಡಿ ಘಾಟಿಯನ್ನು ಆರಾಮಾಗಿ ಹತ್ತುತ್ತಿದ್ದ ಕಾರು ಈಗ ಎರಡನೇ ಗೇರಿಗೆ ಇಳಿಸಿದರೂ ಏದುಸಿರು ಬಿಡುತ್ತದೆ. ಓವರ್‌ಟೇಕ್ ಮಾಡೋಣ ಎಂದು ಆಕ್ಸಿಲರೇಟರ್ ಒತ್ತಿದರೆ ಗಾಡಿ ಎಳೆಯುವುದೇ ಇಲ್ಲ. ಆಗ ಹೆಚ್ಚಿನವರು ನೇರ ಗ್ಯಾರೇಜಿಗೆ ಹೋಗಿ ‘ಪಿಕಪ್ ಇಲ್ಲ, ಸ್ವಲ್ಪ ನೋಡಿ’ ಅನ್ನುತ್ತಾರೆ. ಅಲ್ಲಿಂದ ಊಹೆಯ ಕೆಲಸ ಶುರು. ಪ್ಲಗ್ ಬದಲಿಸಿ, ಫಿಲ್ಟರ್ ಬದಲಿಸಿ, ಇಂಜೆಕ್ಟರ್ ಕ್ಲೀನ್ ಮಾಡಿಸಿ. ಬಿಲ್ ಬೆಳೆಯುತ್ತದೆ, ಗಾಡಿ ಹಾಗೇ ಇರುತ್ತದೆ.

ಒಂದು ವಿಷಯವನ್ನು ನೀವೇ ಪತ್ತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಎಂಜಿನ್‌ಗೇ ಶಕ್ತಿ ಇಲ್ಲವೋ, ಇರುವ ಶಕ್ತಿ ಚಕ್ರಕ್ಕೆ ತಲುಪುತ್ತಿಲ್ಲವೋ, ಅಥವಾ ಚಕ್ರವನ್ನೇ ಏನಾದರೂ ಹಿಡಿದಿಟ್ಟಿದೆಯೋ?

ಹಾಗೆಂದು ಗಾಡಿ ನಿಧಾನವಾದಾಗಲೆಲ್ಲ ರಿಪೇರಿ ಬೇಕಿಲ್ಲ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮೇಲೆ ಗಾಳಿ ತೆಳು, ಅಷ್ಟೇ ಕಾರಣ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಸಣ್ಣ ಕಾರು ಇಲ್ಲಿ ಕೊಂಚ ಮಂಕು ಅನ್ನಿಸಿದರೆ ಗಾಬರಿ ಬೇಡ. ಅದೇ ರಸ್ತೆ, ಅದೇ ಲೋಡು, ಆದರೂ ಮೊದಲಿನಂತಿಲ್ಲ ಅಂದಾಗ ಮಾತ್ರ ಹುಡುಕಲು ಹೊರಡಿ.

ಖರ್ಚಿಲ್ಲದ ಪರೀಕ್ಷೆ

ಮೊದಲು ಬಗ್ಗಿ ಪೆಡಲ್ ಕೆಳಗೆ ನೋಡಿ. ಮ್ಯಾಟ್ ಮುಂದಕ್ಕೆ ಜಾರಿ ಆಕ್ಸಿಲರೇಟರ್ ಪೂರ್ತಿ ಇಳಿಯದಂತೆ ತಡೆದಿರಬಹುದು. ಟೈರ್ ಗಾಳಿ ಕಡಿಮೆಯಿದ್ದರೂ ಗಾಡಿ ಭಾರ ಅನ್ನಿಸುತ್ತದೆ. ಎಷ್ಟು ಇರಬೇಕೆಂದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ.

ಇವೆರಡೂ ಸರಿಯಿದ್ದರೆ ಖಾಲಿಯಿರುವ ನೇರ ರಸ್ತೆಗೆ ಹೋಗಿ. ನಾಲ್ಕನೇ ಗೇರಿನಲ್ಲಿ 50 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಪಕ್ಕದಲ್ಲಿ ಕೂತವರಿಗೆ ಆರ್‌ಪಿಎಂ ಮುಳ್ಳು, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು ನೋಡಲು ಹೇಳಿ. ಮುಳ್ಳು ಸರ್ರನೆ ಮೇಲೇರಿ, ಸ್ಪೀಡು ಮಾತ್ರ ಅಲ್ಲೇ ನಿಂತರೆ ಎಂಜಿನ್ ಚೆನ್ನಾಗಿದೆ, ಕ್ಲಚ್ ಸ್ಲಿಪ್ ಆಗಿ ಶಕ್ತಿ ಚಕ್ರಕ್ಕೆ ತಲುಪುತ್ತಿಲ್ಲ. ಸುಟ್ಟ ವಾಸನೆಯೂ ಬಂದರೆ ಇನ್ನು ಅನುಮಾನವೇ ಬೇಡ. ಇಂಥ ಗಾಡಿಗೆ ಎಷ್ಟು ಪ್ಲಗ್ ಬದಲಿಸಿದರೂ ಉಪಯೋಗವಿಲ್ಲ, ಕ್ಲಚ್ ಪ್ಲೇಟ್ ಕೆಲಸವೇ ಆಗಬೇಕು. ಅಲ್ಲಿಯವರೆಗೆ ಘಾಟಿ ಹತ್ತಬೇಡಿ. ಈ ಪರೀಕ್ಷೆ ಕ್ಲಚ್ ಪೆಡಲ್ ಇರುವ ಗಾಡಿಗೆ ಮಾತ್ರ. ಆಟೊಮ್ಯಾಟಿಕ್‌ನಲ್ಲಿ ಗೇರ್‌ಬಾಕ್ಸ್ ತಾನೇ ಗೇರ್ ಇಳಿಸುವುದರಿಂದ ಮುಳ್ಳು ಏರುವುದು ಸಹಜ.

ಆರ್‌ಪಿಎಂ ಮತ್ತು ಸ್ಪೀಡು ಎರಡೂ ಒಟ್ಟಿಗೇ ನಿಧಾನವಾಗಿ ಏರಿದರೆ ಬ್ರೇಕ್ ನೋಡಿ. ಮಳೆಗಾಲ ಮುಗಿದ ಮೇಲೆ, ಅಥವಾ ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ, ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಪಿನ್ ತುಕ್ಕು ಹಿಡಿದು ಬ್ರೇಕ್ ಜಾಮ್ ಆಗುವುದುಂಟು. ಬ್ರೇಕ್ ಜಾಸ್ತಿ ಬಳಸದೆ ನಾಲ್ಕೈದು ಕಿ.ಮೀ. ಓಡಿಸಿ ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಕಾರಣ ಅಲ್ಲಿದೆ.

ತೊಂದರೆ ಎಂಜಿನ್‌ನಲ್ಲೇ ಇದ್ದರೆ

ಎಂಜಿನ್‌ಗೆ ಗಾಳಿ ಬೇಕು, ಇಂಧನ ಬೇಕು, ಪೆಟ್ರೋಲ್ ಆದರೆ ಕಿಡಿಯೂ ಬೇಕು. ಸುಟ್ಟ ಹೊಗೆ ಸರಾಗವಾಗಿ ಹೊರಗೂ ಹೋಗಬೇಕು.

ಗಾಳಿಯಿಂದ ಶುರುಮಾಡಿ, ಏಕೆಂದರೆ ಅದನ್ನು ನೋಡುವುದು ಸುಲಭ. ಹೆಚ್ಚಿನ ಕಾರುಗಳಲ್ಲಿ ಕ್ಲಿಪ್ ಬಿಚ್ಚಿದರೆ ಏರ್ ಫಿಲ್ಟರ್ ಕೈಗೆ ಬರುತ್ತದೆ. ಮಣ್ಣುರಸ್ತೆಯಲ್ಲಿ ಓಡುವ ಗಾಡಿಯದು ಮ್ಯಾನುಯಲ್ ಹೇಳುವುದಕ್ಕಿಂತ ಎಷ್ಟೋ ಮೊದಲೇ ಕಟ್ಟಿಕೊಂಡಿರುತ್ತದೆ. ಇಲಿ ಒಳಗೆ ಗೂಡು ಮಾಡಿದ್ದರೂ ಮಾಡಿರಬಹುದು, ಒಮ್ಮೆ ಡಬ್ಬದ ತಳ ನೋಡಿ. ಡೀಸೆಲ್ ಕಾರಿನಲ್ಲಿ ಟರ್ಬೊದಿಂದ ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಣ್ಣಗಾಗಿಸುವ ಭಾಗ) ಹೋಗುವ ದಪ್ಪ ಹೋಸ್ ಮೇಲೆ ಕಣ್ಣಿಡಿ. ಅದು ಎಲ್ಲಾದರೂ ಸೀಳಿದ್ದರೆ ಆಕ್ಸಿಲರೇಟರ್ ಒತ್ತಿದಾಗ ‘ಸುಸ್’ ಎಂಬ ಸದ್ದು, ಹಿಂದೆ ಕಪ್ಪು ಹೊಗೆ, ಸೀಳಿದ ಜಾಗದಲ್ಲಿ ಎಣ್ಣೆಯ ಜಿಡ್ಡು. ಟರ್ಬೊ ಹೋಯಿತು ಎಂದು ದೊಡ್ಡ ಖರ್ಚಿಗೆ ಒಪ್ಪುವ ಮುಂಚೆ ಈ ಹೋಸ್ ಮತ್ತು ಅದರ ಕ್ಲಿಪ್ ನೋಡಲೇಬೇಕು.

ಇಂಧನದ ತೊಂದರೆ ಬೇರೆ ಥರ. ನಿಧಾನ ಹೋದಾಗ ಗಾಡಿ ಸರಿಯಾಗೇ ಇರುತ್ತದೆ, ಏರಿನಲ್ಲಿ ಮಾತ್ರ ಸೋಲುತ್ತದೆ. ಫಿಲ್ಟರ್ ಕಟ್ಟಿದ್ದರೆ ಅಥವಾ ಪಂಪ್ ಸೊರಗಿದ್ದರೆ ಹೀಗಾಗುತ್ತದೆ.

ಕಿಡಿ ಸರಿಯಿಲ್ಲದಿದ್ದರೆ ಎಂಜಿನ್ ಮಿಸ್ ಹೊಡೆಯುತ್ತದೆ, ಗಾಡಿ ಜಗ್ಗಿ ಜಗ್ಗಿ ಹೋಗುತ್ತದೆ. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಆಕ್ಸಿಲರೇಟರ್ ಮೇಲಿಂದ ಕಾಲು ಸಡಿಲಿಸಿ. ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೂ ಸುಡುತ್ತದೆ. ಹಾಗೆ ಕರಗಿ ಕಟ್ಟಿಕೊಂಡ ಕನ್ವರ್ಟರ್ ಹೊಗೆಯನ್ನು ತಡೆಯುತ್ತದೆ, ಆಗ ಎಷ್ಟು ಒತ್ತಿದರೂ ಆರ್‌ಪಿಎಂ ಒಂದು ಹಂತ ದಾಟುವುದಿಲ್ಲ. ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ತುಂಬಿದರೂ ಇದೇ ಗೋಳು. ಊರೊಳಗೆ ಎರಡು ಮೂರು ಕಿ.ಮೀ. ಮಾತ್ರ ಓಡಿಸುವವರಿಗೆ ಇದು ಜಾಸ್ತಿ. ಅದರ ಲೈಟ್ ಬಂದಾಗ ಮ್ಯಾನುಯಲ್ ಹೇಳಿದಂತೆ ಹೈವೇಯಲ್ಲಿ ಒಂದೇ ಸಮನೆ ಓಡಿಸಿದರೆ ಮಸಿ ಸುಟ್ಟುಹೋಗುತ್ತದೆ.

ಕೋಡ್ ಓದುವುದು

ಕಳೆದ ಹತ್ತು ವರ್ಷಗಳ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ 16 ಪಿನ್‌ನ ಒಬಿಡಿ ಸಾಕೆಟ್ (ಕಾರಿನ ಕಂಪ್ಯೂಟರ್ ಗುರುತಿಸಿದ ದೋಷ ಓದುವ ಜಾಗ) ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಕಡಿಮೆ ಬೆಲೆಗೇ ಸಿಗುತ್ತದೆ, ಮೊಬೈಲ್‌ನಲ್ಲಿ ದೋಷದ ಕೋಡ್ ಕಾಣುತ್ತದೆ. ಆದರೆ ಕೋಡ್ ಹೇಳುವುದು ಲಕ್ಷಣವನ್ನು, ಕೆಟ್ಟ ಭಾಗವನ್ನಲ್ಲ. ಪಿ0171 ಬಂದರೆ ಪೆಟ್ರೋಲ್‌ಗಿಂತ ಗಾಳಿ ಜಾಸ್ತಿ ಎಂದರ್ಥ. ಪೈಪ್ ಸೋರುತ್ತಿರಬಹುದು, ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು, ಪಂಪ್ ಪ್ರೆಷರ್ ಇಳಿದಿರಬಹುದು. ಪಿ0299 ಅಂದರೆ ಟರ್ಬೊ ಒತ್ತಡ ಸಾಲದು ಎಂದಷ್ಟೇ, ಟರ್ಬೊ ಸತ್ತಿದೆ ಎಂದಲ್ಲ.

ಪಿ0301 ಬಂದಿದೆ ಅನ್ನಿ. ಒಂದನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ (ಕಿಡಿಗೆ ಬೇಕಾದ ಕರೆಂಟ್ ಕೊಡುವ ಭಾಗ) ಇರುವ ಎಂಜಿನ್ ಆದರೆ ಹೊಸ ಕಾಯಿಲ್ ತರಿಸುವ ಮುನ್ನ ಹೀಗೆ ಮಾಡಿ. ಎಂಜಿನ್ ಆಫ್ ಮಾಡಿ ತಣ್ಣಗಾಗಲು ಬಿಡಿ. ಒಂದನೇ ಕಾಯಿಲನ್ನು ಮೂರನೆಯದರ ಜಾಗಕ್ಕೆ, ಮೂರನೆಯದನ್ನು ಒಂದನೆಯ ಜಾಗಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ, ತೊಂದರೆ ಅದರ ಜೊತೆಗೇ ಹೋಯಿತು. ಪಿ0301 ಅಲ್ಲೇ ಉಳಿದರೆ ಪ್ಲಗ್ ಅನ್ನೂ ಹೀಗೆಯೇ ಅದಲುಬದಲು ಮಾಡಿ. ಆಗಲೂ ಕದಲದಿದ್ದರೆ ವೈರಿಂಗ್, ಇಂಜೆಕ್ಟರ್, ಕಂಪ್ರೆಷನ್ ಕಡೆಗೆ ಹೋಗಬೇಕು. ಅದು ಮೆಕ್ಯಾನಿಕ್‌ನ ಕೆಲಸ.

ಗ್ಯಾರೇಜಿಗೆ ಹೋದಾಗ ಸುಮ್ನೆ ‘ಪಿಕಪ್ ಇಲ್ಲ’ ಅನ್ನಬೇಡಿ. ಯಾವ ಗೇರಿನಲ್ಲಿ, ಎಷ್ಟು ಆರ್‌ಪಿಎಂನಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಬಂಕ್‌ನಲ್ಲಿ ಇಂಧನ ತುಂಬಿಸಿದ ನಂತರ ಶುರುವಾಯಿತೋ, ಎಲ್ಲ ಹೇಳಿ. ಕೋಡ್ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ತೋರಿಸಿ. ಪಂಪ್ ಬದಲಿಸೋಣ ಅಂದರೆ ಮೊದಲು ಗೇಜ್ ಹಾಕಿ ಫ್ಯುಯೆಲ್ ಪ್ರೆಷರ್ ಅಳೆಯಲು ಕೇಳಿ.