ಸ್ಟೇರಿಂಗ್ ಬಿಟ್ಟ ಮೇಲೆ

ಮೂವತ್ತೊಂದು ವರ್ಷ ಬಸ್ ಓಡಿಸಿದವನು ನಾನು, ಅಂದರೆ ಕೂತೇ ದುಡಿದವನು. ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲೇ ಬಸ್ಸಿನವರ ಎದೆಯ ಲೆಕ್ಕ ತೆಗೆದಿದ್ದರಂತೆ: ಡಬಲ್ ಡೆಕ್ಕರಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗಿಂತ ಕೂತಿರುವ ಡ್ರೈವರಿಗೆ ಹಾರ್ಟ್ ಅಟ್ಯಾಕ್ ಹೆಚ್ಚು. ನನಗಿದು ತಿಳಿದದ್ದು ಅರವತ್ನಾಲ್ಕಕ್ಕೆ, ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಬಿದ್ದ ಮೇಲೆ. ಜೊತೆಗೆ ಡ್ಯೂಟಿ ಮಾಡಿದ ಕಂಡಕ್ಟರ್ ಗೆಳೆಯನಿಗೆ ಹೇಳಿದೆ. "ಅದಕ್ಕs ನೋಡಪಾ, ನಾ ಇನ್ನೂ ಗಟ್ಟಿ ಅದೀನಿ" ಅಂತ ನಕ್ಕ.

ಹಳೆ ಬಾಗಲಕೋಟೆಯಲ್ಲಿದ್ದಾಗ ಸಂತೆಗೂ ಕಾಲ್ನಡಿಗೆಯೇ. ಆಲಮಟ್ಟಿ ಹಿನ್ನೀರಿಗೆ ಮನೆ ಹೋಗಿ ನವನಗರಕ್ಕೆ ಬಂದಮೇಲೆ ಹಾಲಿನ ಪಾಕೀಟಿಗೂ ಬೈಕು. ಈಗ ಅದೇ ಸೆಕ್ಟರಿನ ಅಗಲ ರಸ್ತೆ ನನ್ನ ಔಷಧಿ. ಡಾಕ್ಟರ್ ಹೇಳಿದಂತೆ ಮೊದಲು ಹತ್ತು ನಿಮಿಷ ನಡಿಗೆ, ಅದೂ ಸಪಾಟ ರಸ್ತೆಯಲ್ಲಿ. ವಾರಕ್ಕೊಂದಿಷ್ಟು ಏರಿಸುತ್ತ ಮೂವತ್ತಕ್ಕೆ ಬಂದೆ.

ನಡುವೆ ಒಂದು ಹುಚ್ಚುತನ ಮಾಡಿದೆ. ಮಗ ಕೊಡಿಸಿದ ವಾಚಿನಲ್ಲಿ ನಾಡಿ 120 ದಾಟಲಿ ಎಂದು ಬಿರುಸಾಗಿ ನಡೆದೆ. ಅದು 96ರ ಮೇಲೆ ಏರಲೊಲ್ಲದು. ಇನ್ನೂ ಜೋರು ಮಾಡಿ ಗಕ್ಕನೆ ನಿಂತೆ. ಕಣ್ಣಿಗೆ ಕತ್ತಲೆ ಕವಿದು, ಬೇವಿನ ಗಿಡದ ಕಟ್ಟೆ ಹಿಡಿದು ಕುಸಿದು ಕೂತೆ. ಡಾಕ್ಟರ್ ಸರಿಯಾಗಿ ಬೈದರು. ನಾನು ನುಂಗುವ ಮೆಟೊಪ್ರೊಲೋಲ್ ಗುಳಿಗೆಯ ಕೆಲಸವೇ ನಾಡಿಯನ್ನು ತಡೆಹಿಡಿಯುವುದು, ವಾಚು ನೋಡಿ ಓಡಿದರೆ ಗತಿ ಏನು? ಮೇಲಾಗಿ ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತದೆ. ಕೊನೆಯ ಐದು ನಿಮಿಷ ಸಾವಕಾಶ ನಡೆಯಬೇಕಂತೆ. ಬಸ್ಸನ್ನು ಹೀಗೆ ಬ್ರೇಕ್ ಒತ್ತಿ ನಿಲ್ಲಿಸಿದವನಲ್ಲ ನಾನು, ಮೈಯನ್ನು ಮಾತ್ರ ನಿಲ್ಲಿಸಿದ್ದೆ!

ಅಂದಿನಿಂದ ಅಳತೆ ವಾಚಲ್ಲ, ಮಾತು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕಂಡಕ್ಟರ್ ಗೆಳೆಯ ಜೊತೆಗಿರುವುದರಿಂದ ಮಾತಿಗೆ ಬರವಿಲ್ಲ. ನನ್ನ ಉತ್ತರ ತುಂಡಾದರೆ ಅವನೇ ಹೆಜ್ಜೆ ಕಡಿಮೆ ಮಾಡುತ್ತಾನೆ.

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುತ್ತದೆ, ನಮ್ಮದು ಐದು ದಿನಕ್ಕೇ ಮುಗಿಯುತ್ತದೆ. ವಾರಕ್ಕೆ ಮೂರು ದಿನ ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುತ್ತೇನೆ, ಉಸಿರು ಬಿಗಿಹಿಡಿಯದೆ. ಉಸಿರು ಕಟ್ಟಿದರೆ ಬಿಪಿ ಜಿಗಿಯುತ್ತದೆ. ಏಪ್ರಿಲ್, ಮೇನಲ್ಲಿ ಬಿಸಿಲು ನಲವತ್ತು ಡಿಗ್ರಿ, ಹಾಗಾಗಿ ಐದೂವರೆಗೇ ಹೊರಡುತ್ತೇವೆ. ಎದೆ ಹಿಂಡಿದಂತಾದರೆ ಅಲ್ಲೇ ಕೂತು, ಡಾಕ್ಟರ್ ಬರೆದುಕೊಟ್ಟ ಗುಳಿಗೆ ನಾಲಿಗೆ ಕೆಳಗೆ. ಐದು ನಿಮಿಷಕ್ಕೂ ಇಳಿಯದಿದ್ದರೆ 108. ಗುಳಿಗೆ ಗೆಳೆಯನ ಕಿಸೆಯಲ್ಲೂ ಒಂದು ಇದೆ, ಹಳೆ ಟಿಕೆಟ್ ಚೀಲದ ಚಿಲ್ಲರೆಯಂತೆ ಎಣಿಸಿ ಇಟ್ಟುಕೊಂಡಿದ್ದಾನೆ.